ಹೊಳೆಬಂಗಲೆಯ ರಾಜಕುಮಾರ

ಹೊಳೆಬಂಗಲೆಯ ಅಜ್ಜಿ ಒಂದು ಸಲ ಗದರಿದ್ದಕ್ಕೆ ಹೊಳೆ ಮೂರು ದಿನ ಹಿಂದಕ್ಕೆ ಹರಿದಿತ್ತು. ಮೀನುಗಳು ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ತಿಳಿಯದೆ ದಡಕ್ಕೆ ಬಂದು ದಾರಿ ಕೇಳಿದ್ದವು. ಕಬ್ಬಿಣದ ಸೇತುವೆ ಗಾಬರಿಯಾಗಿ ಮುಖ ತಿರುಗಿಸಿ ನಿಂತಿತ್ತು. ಇದು ಸುಳ್ಳಾಗಿದ್ದರೆ ಅಜ್ಜಿಯ ನಾಲಿಗೆ ಬಿದ್ದುಹೋಗಬೇಕಿತ್ತು. ಬಿದ್ದಿಲ್ಲ, ಎಪ್ಪತ್ತು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ ದುಡಿಯುತ್ತಿದೆ. ಆದ್ದರಿಂದ ನಂಬಲೇಬೇಕು.

ಬಂಗಲೆಯೂ ಅಜ್ಜಿಗೆ ತಕ್ಕಂಥದ್ದೇ. ಸಾವಿರ ಕಿಟಕಿ. ಮುಂಬಾಗಿಲಿನಿಂದ ಕರೆದರೆ ಹಿತ್ತಲಿಗೆ ಕೇಳುವಷ್ಟರಲ್ಲಿ ಕರೆದವರಿಗೆ ವಯಸ್ಸಾಗಿರುತ್ತಿತ್ತು. ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು, ಮೆಟ್ಟಿಲ ತಲೆಗೆ ಉದ್ದನೆಯ ಜಗಲಿ, ಜಗಲಿಯ ಹಿಂದೆ ದೊಡ್ಡ ಹಜಾರ. ಕಟ್ಟಿಸಿದವನು ಒಬ್ಬ ಮರದ ವ್ಯಾಪಾರಿ. ಅವನ ಕಡೆಯವರು ಎಂದೋ ಊರು ಬಿಟ್ಟಿದ್ದರು, ಮನೆ ಸರ್ಕಾರದ ಕೈ ಸೇರಿತ್ತು, ಸರ್ಕಾರ ಅದನ್ನು ಮರೆತಿತ್ತು. ಮರೆಯದೆ ಉಳಿದವಳು ಹರೆಯದಲ್ಲಿ ಗಂಡನ ಜೊತೆ ಕಾವಲಿಗೆಂದು ಬಂದ ಅಜ್ಜಿ ಒಬ್ಬಳೇ. ಗಂಡ ಹೋಗಿ ಬಹಳ ಕಾಲವಾಗಿತ್ತು. ಈಗ ಅಲ್ಲಿ ಅಜ್ಜಿಯ ಜೊತೆ ಮಗ, ಸೊಸೆ, ಮೊಮ್ಮಗಳು ಇದ್ದರು.

ಮಗ ಬಡಗಿ. ಮಾತನ್ನೂ ಮೊಳೆಯ ಹಾಗೆ ಲೆಕ್ಕ ಹಾಕಿ ಹೊಡೆಯುವವನು. ಅವನ ಬಲಗೈ ಕಿರುಬೆರಳು ಹುಟ್ಟಿನಿಂದಲೇ ಕೊಕ್ಕೆಯಂತೆ ಒಳಕ್ಕೆ ಬಾಗಿತ್ತು. ಅಜ್ಜಿಯ ಪ್ರಕಾರ ಅದನ್ನು ಮೊಸಳೆ ಕಚ್ಚಿತ್ತು, ಅಜ್ಜಿ ಮೊಸಳೆಯನ್ನು ತಿರುಗಿ ಕಚ್ಚಿದ್ದಳು. ಸೊಸೆ ಬೇಕರಿಯಲ್ಲಿ ಬ್ರೆಡ್ಡು ಸುಡುವವಳು, ತಲೆಗೂದಲಿನಲ್ಲಿ ಸದಾ ಹಿಟ್ಟು. ಮೊಮ್ಮಗಳು ಸಿಟಿ ಬಸ್ಸಿನ ಕಂಡಕ್ಟರ್. ಅವಳನ್ನು ಅಜ್ಜಿ ಕರೆಯುತ್ತಿದ್ದದ್ದು ‘ಟಿಕೆಟ್ಟು’ ಎಂದು.

ಸುದ್ದಿ ತಂದವಳೂ ಟಿಕೆಟ್ಟೇ.

“ಸಂರಕ್ಷಣಾ ಕಚೇರಿಯೋರು ಬರ್ತಾರಂತೆ. ಬಂಗಲೆಗೆ ಏನಾದ್ರೂ ಇತಿಹಾಸ ಇದ್ರೆ ಉಳಿಸ್ತಾರಂತೆ. ಇಲ್ದಿದ್ರೆ ಕೆಡವಿ ಹೋಟೆಲ್ ಕಟ್ತಾರಂತೆ.”

ಸೊಸೆ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು. ಮೊಟ್ಟೆ ಕೈಯಿಂದ ಜಾರಿ ಮೇಜಿನ ಕೆಳಗೆ ಉರುಳಿತು. ಯಾರೂ ಬಗ್ಗಿ ಎತ್ತಲಿಲ್ಲ.

“ಮಾರ್ಕೆಟ್ ರಸ್ತೇಲಿ ಎರಡು ರೂಮು ನೋಡಿದೀನಿ,” ಎಂದ ಬಡಗಿ. “ನಲ್ಲಿ ಇದೆ. ಸೂರು ಸೋರಲ್ಲ.”

“ಹೊಳೆ ಕಾಣುತ್ತಾ?” ಅಜ್ಜಿ ಕೇಳಿದಳು.

“ಸೈಕಲ್ ರಿಪೇರಿ ಅಂಗಡಿ ಕಾಣುತ್ತೆ.”

“ಹಾಗಾದ್ರೆ ನನ್ನ ಕರ್ಕೊಂಡು ಹೋಗೋವಾಗ ಹಜಾರದ ಗೋಡೆ ಸಮೇತ ಕಿತ್ಕೊಂಡು ಹೋಗು. ನಾನು ಅದನ್ನ ಬಿಟ್ಟು ಬರೋಳಲ್ಲ.”

“ಅತ್ತೆ, ಅಡುಗೆಮನೇಲಿ ನಾಲ್ಕು ಕಡೆ ಪಾತ್ರೆ ಇಟ್ಟಿದೀನಿ. ಮೂರು ಸೋರೋದಕ್ಕೆ, ಒಂದು ಅಡುಗೆಗೆ,” ಎಂದಳು ಸೊಸೆ. “ಒಂದಿನ ಬದಲಾಗಿ ನೀವು ಸೋರೋ ನೀರನ್ನೇ ಕುಡಿದ್ರಿ. ಚಹಾ ಚೆನ್ನಾಗಿದೆ ಅಂದ್ರಿ.”

“ಚೆನ್ನಾಗೇ ಇತ್ತು. ಈಗ ಕೇಳು. ಅವರಿಗೆ ಬೇಕಾಗಿರೋದು ಇತಿಹಾಸ ತಾನೆ? ನನ್ ಹತ್ರ ಮೂಟೆಗಟ್ಟಲೆ ಇದೆ.”

ಮೊಮ್ಮಗಳು ಅಜ್ಜಿಯ ಕೈ ಹಿಡಿದುಕೊಂಡಳು. “ಅಜ್ಜಿ, ನಿನ್ ಕಾಲಿಗೆ ಬೀಳ್ತೀನಿ. ಬುರುಡೆ ಬಿಡ್ಬೇಡ.”

“ನಾನೆಲ್ಲಿ ಬುರುಡೆ ಬಿಡ್ತೀನೇ? ಇದ್ದಿದ್ದನ್ನ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹೇಳ್ತೀನಿ, ಅಷ್ಟೆ.”

ಮುಂದಿನ ವಾರವೇ ಬಂದರು: ದಪ್ಪ ಕನ್ನಡಕದ ಮೇಡಂ ಒಬ್ಬರು, ಅವರ ಹಿಂದೆ ಅಳತೆಯ ಟೇಪು ಹಿಡಿದ ನರೆಗೂದಲಿನ ಮನುಷ್ಯ. ಮೇಡಂಗೆ ಹಳೆಯ ಕಟ್ಟಡವೆಂದರೆ ಪ್ರಾಣ. ಹೊಸ್ತಿಲು ದಾಟುವಾಗ ಚಪ್ಪಲಿ ಕೈಗೆತ್ತಿಕೊಂಡು ತುದಿಗಾಲಿನಲ್ಲಿ ನಡೆದರು. ಅದನ್ನು ನೋಡಿದ್ದೇ ಅಜ್ಜಿ ಉಬ್ಬಿದಳು. ಎಷ್ಟು ಉಬ್ಬಿದಳೆಂದರೆ ಹಜಾರದ ಜೋಡಿ ಬಾಗಿಲಿನ ಎರಡನೆಯ ಬಾಗಿಲನ್ನೂ ತೆರೆಯಬೇಕಾಯಿತು.

“ಇದು ದರ್ಬಾರು ನಡೀತಿದ್ದ ಜಾಗ. ಇಬ್ಬರು ರಾಜರು ಇಲ್ಲೇ ಕೂತು ಯುದ್ಧ ನಿಲ್ಲಿಸಿದ್ರು. ಒಬ್ಬ ಈ ಕಂಬಕ್ಕೆ ಒರಗಿದ್ದ, ಇನ್ನೊಬ್ಬ ಆ ಕಂಬಕ್ಕೆ. ನೋಡಿ, ಕಂಬ ಸವೆದಿದೆ.”

ಮೇಡಂ ಫೋನಿನಲ್ಲಿ ಮಾತನ್ನು ದಾಖಲು ಮಾಡಿಕೊಂಡರು. ನಡುಮನೆಯ ಪಕ್ಕದ ಕೋಣೆ ತೋರಿಸಿ, “ಇಲ್ಲಿ?” ಎಂದರು.

“ಇಲ್ಲಿ ರಾಣಿಯ ಬಾಣಂತನ. ಹಿಂದೆ ಕಲ್ಲಿನ ತೊಟ್ಟಿ ಇದೆ, ನೋಡಿ. ದಿನಾ ಹಾಲಿನಲ್ಲಿ ಸ್ನಾನ. ಒಳಗೆಲ್ಲ ಬಿಳಿ ಬಿಳಿ ಅಂಟಿಕೊಂಡಿದೆಯಲ್ಲ? ಈಗಲೂ ಉಜ್ಜಿದ್ರೆ ಹೋಗಲ್ಲ.”

ಟೇಪಿನವರು ತೊಟ್ಟಿಯೊಳಗೆ ಬೆರಳಾಡಿಸಿ ಮೂಸಿ ನೋಡಿದರು, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು.

“ಅಡುಗೆಮನೇಲಿ?”

“ಅಯ್ಯೋ, ಆ ಒಲೆ ಮೇಲೆ ಒಂದು ಸೈನ್ಯಕ್ಕೆ ಅಡುಗೆ ಮಾಡಿದಾರೆ. ಆನೆಗಳಿಗೆ ಬೇರೆ ಪಂಕ್ತಿ.”

ಸೊಸೆ ಬಾಗಿಲ ಮರೆಯಿಂದ ಕಣ್ಸನ್ನೆ ಮಾಡಿ ಮಾಡಿ ಸೋತಳು. ಕೊನೆಗೆ ಮೇಡಂ ಫೋನು ಆರಿಸಿ ತುಂಬಾ ವಿನಯದಿಂದ ಹೇಳಿದರು: “ಅಜ್ಜಿ, ನಿಮ್ಮಂಥೋರು ಸಿಕ್ಕಿದ್ದು ನಮ್ಮ ಪುಣ್ಯ. ನಮ್ಮಲ್ಲಿ ಒಂದು ನಿಯಮ ಇದೆ. ಯಾವ ಜಾಗಕ್ಕೆ ಚರಿತ್ರೆ ಇದೆ ಅಂತ ಮಾತು ಬರುತ್ತೋ, ಪರಿಶೀಲನೆ ಮುಗಿಯೋವರೆಗೂ ಆ ಜಾಗಾನ ಯಾರೂ ಬಳಸೋ ಹಾಗಿಲ್ಲ.”

ಟೇಪಿನವರು ಚೀಲದಿಂದ ಹಳದಿ ಹಗ್ಗದ ಉಂಡೆ ತೆಗೆದರು. ಹಜಾರಕ್ಕೊಂದು ಹಗ್ಗ. ಬಡಗಿಯೂ ಸೊಸೆಯೂ ಮಲಗುತ್ತಿದ್ದ ಕೋಣೆಗೊಂದು ಹಗ್ಗ. ಅಡುಗೆಮನೆಯ ಬಾಗಿಲಿಗೆ ಎರಡು ಹಗ್ಗ, ಯಾಕೆಂದರೆ ಅಲ್ಲಿ ಆನೆಗಳೂ ಉಂಡಿದ್ದವು.

ಸೊಸೆ ಗರಬಡಿದವಳ ಹಾಗೆ ನಿಂತಳು. ಒಲೆಯ ಮೇಲೆ ಆಲೂಗಡ್ಡೆ ಕುದಿಯುತ್ತಿತ್ತು. ಅದನ್ನು ಹಗ್ಗದಾಚೆಯಿಂದ ಇಕ್ಕಳ ಚಾಚಿ ಇಳಿಸಿಕೊಟ್ಟವರು ಟೇಪಿನವರೇ.

ಅವರು ಹೋದ ಮೇಲೆ ಆದ ಜಗಳಕ್ಕೆ ಆಚೆ ದಡದ ಕಾಗೆಗಳು ಊರು ಬಿಟ್ಟವು. ಇನ್ನೂ ವಾಪಸಾಗಿಲ್ಲ.

“ಒಂದು ಒಲೆ ಇತ್ತು ಅತ್ತೆ! ಒಂದೇ ಒಂದು! ಅದನ್ನೂ ಸೈನ್ಯಕ್ಕೆ ಕೊಟ್ರಲ್ಲ!”

“ಏನಮ್ಮಾ ಹಾಗಂತೀಯ? ಮನೆ ಉಳೀಲಿ ಅಂತ ತಾನೆ ನಾನು ಗಂಟಲು ಹರ್ಕೊಂಡಿದ್ದು?”

“ಮನೆ ಉಳಿಯುತ್ತೆ. ನಾವು ಎಲ್ಲಿ ಉಳಿಯೋದು?”

“ಅಜ್ಜಿ, ನಿನ್ ರಾಣಿಗೆ ಬಾಣಂತನಕ್ಕೆ ಬೇರೆ ಕೋಣೆ ಸಿಗ್ಲಿಲ್ವಾ?” ಎಂದಳು ಮೊಮ್ಮಗಳು. “ಅಪ್ಪ ಅಮ್ಮ ಎಲ್ಲಿ ಮಲಗ್ಬೇಕು?”

“ನನ್ ಕೋಣೇಲಿ ಮಲಗ್ಲಿ.”

“ಅಲ್ಲಿ ನೀನು, ನಾನು, ನಿನ್ ಟ್ರಂಕು ಇದೀವಿ. ಟ್ರಂಕನ್ನ ಎಬ್ಬಿಸಿ ಕೂರಿಸ್ಬೇಕು ಅಷ್ಟೆ.”

ಬಡಗಿ ಎದ್ದ. ಹಾಸಿಗೆ ಸುತ್ತಿಕೊಂಡು ಬಂದು ಜಗಲಿಯಲ್ಲಿ ಎಸೆದ. ಆ ಸದ್ದೇ ಒಂದು ಉತ್ತರವಾಗಿತ್ತು.

ಅಂದಿನಿಂದ ಸಂಸಾರ ಜಗಲಿಗೆ ಬಂತು. ಸೀಮೆಎಣ್ಣೆ ಸ್ಟೌ ಮೆಟ್ಟಿಲ ತಲೆಯಲ್ಲಿ. ಗಾಳಿ ಬಂದರೆ ಸೊಸೆ ಬೆನ್ನು ಅಡ್ಡ ಕೊಟ್ಟು ಕೂರಬೇಕು. ಬೇಕರಿಯಿಂದ ತಂದ ನಿನ್ನೆಯ ಬ್ರೆಡ್ಡು, ಬೇಯಿಸಿದ ಬೇಳೆ, ಸಿಕ್ಕರೆ ಮೀನು. ಪಾತ್ರೆ ತೊಳೆಯುವುದು ಹೊಳೆಯಲ್ಲಿ. ಮೊದಲ ವಾರವೇ ಎರಡು ಚಮಚ, ಒಂದು ಮುಚ್ಚಳ ತೇಲಿ ಹೋದವು. ಮೊಮ್ಮಗಳು ಸಮವಸ್ತ್ರವನ್ನು ಕಂಬಕ್ಕೆ ನೇತುಹಾಕಿದರೆ ಬೆಳಿಗ್ಗೆ ಅದು ಹೊಳೆಯ ಮಂಜಿನಲ್ಲಿ ತೊಯ್ದಿರುತ್ತಿತ್ತು. “ಪ್ರಯಾಣಿಕರು ನನ್ನ ನೋಡಿ ಹೊರಗೆ ಮಳೇನಾ ಅಂತ ಕೇಳ್ತಾರೆ,” ಎನ್ನುತ್ತಿದ್ದಳು.

ಹೀಗಿದ್ದರೂ ಅಜ್ಜಿಯ ಬಾಯಿಗೆ ಬೀಗ ಬೀಳಲಿಲ್ಲ. ಮೇಡಂ ಎರಡನೆಯ ಸಲ ಬಂದಾಗ ಸ್ನಾನದ ಮನೆ ಹೋಯಿತು (ಸೇನಾಪತಿ ಕತ್ತಿ ತೊಳೆದ ಜಾಗ). ಮೂರನೆಯ ಸಲ ಅಟ್ಟ ಹೋಯಿತು (ಪಾರಿವಾಳಗಳ ಗುಪ್ತಚರ ದಳ). ಪ್ರತಿ ಸಲವೂ ಅಜ್ಜಿ, ಇವತ್ತು ಬರೀ ಒಂದೇ ಮಾತು, ಎಂದುಕೊಂಡೇ ಎದುರು ಹೋಗುತ್ತಿದ್ದಳು. ಮೇಡಂನ ಕಣ್ಣು ಕನ್ನಡಕದ ಹಿಂದೆ ಅಗಲವಾಗುತ್ತಿದ್ದದ್ದನ್ನು ನೋಡಿದರೆ ನಾಲಿಗೆ ತಡೆಯುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವಳು ತುಟಿ ಬಿಚ್ಚಿರಲಿಲ್ಲ: ಹಜಾರದ ಹೊಳೆ ಬದಿಯ ಗೋಡೆ. ಪ್ರತಿ ವರ್ಷ ಮನೆಗೆಲ್ಲ ಸುಣ್ಣ ಬಳಿಯುವಾಗ ಆ ಗೋಡೆಯನ್ನು ಅಜ್ಜಿ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಅದಕ್ಕೆ ಒರಗಿಸಿ ನಿಲ್ಲಿಸಿದ್ದ ದೊಡ್ಡ ಕಪಾಟನ್ನು ಮಗನಿಗೆ ಬುದ್ಧಿ ಬಂದಾಗಿನಿಂದ ಯಾರೂ ಕದಲಿಸಿದ್ದಿಲ್ಲ.

ನಾಲ್ಕನೆಯ ಸಲ ಬಂದಾಗ ಟೇಪಿನವರು ಹೇಳಿದರು: “ಈ ಕಪಾಟು ಸ್ವಲ್ಪ ಸರಿಸ್ಬೇಕಲ್ಲ. ಗೋಡೆ ದಪ್ಪ ಅಳೀಬೇಕು.”

“ಬೇಡ!” ಎಂದಳು ಅಜ್ಜಿ. ದನಿ ಎಷ್ಟು ಸಣ್ಣಗಿತ್ತೆಂದರೆ ಅವಳಿಗೇ ಅದು ತನ್ನದಲ್ಲ ಅನ್ನಿಸಿತು. “ಅದು ಭಾರ. ಹತ್ತಾನೆ ಬೇಕು.”

ಆನೆ ಬೇಕಾಗಲಿಲ್ಲ. ಟೇಪಿನವರು, ಮೇಡಂ, ರಜೆಯಲ್ಲಿದ್ದ ಮೊಮ್ಮಗಳು ಮೂವರೇ ತಳ್ಳಿದರು. ಧೂಳು ಇಳಿಯಿತು. ಗೋಡೆಯಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ, ಗಾರೆಯೊಳಗೆ ಒತ್ತಿದ ಪುಟ್ಟ ಅಂಗೈ ಗುರುತು ಕಾಣಿಸಿತು. ಐದು ಬೆರಳೂ ಇದ್ದವು.

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನೆಲಕ್ಕೆ ಕುಸಿದರು. “ಅಜ್ಜಿ, ಇದು… ಇದು ಯಾರದ್ದು?”

ಅಜ್ಜಿ ಗುರುತಿಗೆ ಅಡ್ಡ ನಿಲ್ಲಲು ಎರಡು ಹೆಜ್ಜೆ ಇಟ್ಟಳು. ನಾಲಿಗೆಯಾದರೋ ಅಭ್ಯಾಸಬಲದಿಂದ ತಾನೇ ಮುಂದೆ ಹೋಗಿಬಿಟ್ಟಿತು.

“ರಾಜಕುಮಾರನದು.”

“ರಾಜಕುಮಾರ!”

“ರಾಣಿಯ ಮಗ. ಮನೆ ಕಟ್ಟೋವಾಗ ಅವನ ಕೈ ಒತ್ತಿಸಿದ್ದು. ಬೆಳಕು ಬಿದ್ರೆ ಹಾಳಾಗುತ್ತೆ ಮೇಡಂ, ಬಟ್ಟೆ ಮುಚ್ಚಿ. ಯಾರೂ ನೋಡ್ಬಾರ್ದು.”

ಅಜ್ಜಿಯ ಕಾಳಜಿಗೆ ಮೇಡಂ ಕಣ್ಣು ಒದ್ದೆ ಮಾಡಿಕೊಂಡರು. ಕೈಯಾರೆ ಬಟ್ಟೆ ಕಟ್ಟಿದರು. ಅಂದು ಸಂಜೆ ಮೊಮ್ಮಗಳು ಸುದ್ದಿ ಹೇಳಿದಾಗ ಬಡಗಿ ತಟ್ಟೆಯಿಂದ ತಲೆ ಎತ್ತಲಿಲ್ಲ.

“ರಾಜಕುಮಾರನ ಕೈ ನೋಡಿ ನನಗೇನಾಗ್ಬೇಕು? ನನ್ ಹಾಸಿಗೆ ಮೇಲೆ ಹೊಳೆ ಮಂಜು ಬೀಳ್ತಿದೆ.”

ಹತ್ತು ದಿನ ಕಳೆದು ಮೇಡಂ ಓಡೋಡಿ ಬಂದರು. ಜಗಲಿಯಲ್ಲಿ ಎಲ್ಲರೂ ಬ್ರೆಡ್ಡಿಗೆ ಬೇಳೆ ಅದ್ದಿಕೊಂಡು ತಿನ್ನುತ್ತಿದ್ದರು.

“ಒಪ್ಪಿಬಿಟ್ರು! ಇಡೀ ಬಂಗಲೆ ಒಂದನೇ ದರ್ಜೆ ಸ್ಮಾರಕ! ರಾಜಕುಮಾರನ ಅಂಗೈ ಅಂದ ತಕ್ಷಣ ಮೇಲಿನೋರು ಎರಡನೇ ಮಾತಾಡ್ಲಿಲ್ಲ. ಒಂದು ಇಟ್ಟಿಗೇನೂ ಕದಲಿಸೋ ಹಾಗಿಲ್ಲ ಇನ್ನು.”

ಅಜ್ಜಿ ಎದ್ದು ನಿಂತಳು. ಗೆದ್ದ ಸಂತೋಷಕ್ಕೆ ಅವಳ ತಲೆ ಮಾಡಿಗೆ ತಾಗಿ ನಾಲ್ಕು ಹೆಂಚು ಸರಿದವು. “ನಾನ್ ಹೇಳ್ಲಿಲ್ವಾ? ನಾನ್ ಹೇಳ್ಲಿಲ್ವಾ?”

“ಮತ್ತೆ ನಾವು?” ಸೊಸೆ ಕೇಳಿದಳು.

ಮೇಡಂನ ಮುಖ ಇಳಿಯಿತು. “ಒಂದನೇ ದರ್ಜೆ ಅಂದ್ರೆ ಒಳಗೆ ವಾಸ ಇರೋ ಹಾಗಿಲ್ಲಮ್ಮ. ಉಸಿರಿನ ತೇವಕ್ಕೂ ಗಾರೆ ಹಾಳಾಗುತ್ತಂತೆ. ತಿಂಗಳ ಕೊನೆಗೆ ಖಾಲಿ ಮಾಡ್ಬೇಕು. ನಿಮಗೆ ಗೊತ್ತಿತ್ತು ಅಂದ್ಕೊಂಡಿದ್ದೆ.”

ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಸೊಸೆಯ ಬ್ರೆಡ್ಡಿನ ತುಂಡು ಬೇಳೆಯಲ್ಲಿ ನೆನೆದು ಕರಗಿತು. ಅಜ್ಜಿ ನಿಂತಲ್ಲೇ ಇದ್ದಳು. ಕೂರಬೇಕೆಂಬುದೂ ಅವಳಿಗೆ ತೋಚಲಿಲ್ಲ. ಕೊನೆಗೆ ಮೊಮ್ಮಗಳೇ ಹಿಡಿದು ಕೂರಿಸಿದಳು.

ಆ ಮೇಲೆ ಅಜ್ಜಿ ಮಾತು ಬಿಟ್ಟಳು. ಇದು ಉತ್ಪ್ರೇಕ್ಷೆಯಲ್ಲ. ಊಟಕ್ಕೆ ಕರೆದರೆ ಬಂದಳು, ಹಾಕಿದ್ದನ್ನು ತಿಂದಳು, ತಟ್ಟೆ ತೊಳೆದಳು, ಚಕಾರ ಎತ್ತಲಿಲ್ಲ. ಜಗಳವಾಡಿ ಆಡಿ ಸುಸ್ತಾಗಿದ್ದ ಸೊಸೆಯೇ ಹೆದರಿದಳು.

“ರೀ, ಅತ್ತೆಗೆ ಏನೋ ಆಗಿದೆ. ಬೆಳಿಗ್ಗೆ ಉಪ್ಪು ಜಾಸ್ತಿಯಾಗಿತ್ತು. ಬೈಲೇ ಇಲ್ಲ.”

“ರೂಮಿಗೆ ಮುಂಗಡ ಕೊಟ್ಟು ಬರ್ತೀನಿ,” ಎಂದ ಬಡಗಿ. “ಸೈಕಲ್ ಅಂಗಡಿ ನೋಡ್ತಾ ಸರಿಹೋಗ್ತಾರೆ.”

ಮುಂಗಡ ಕೊಡುವ ಮೊದಲೇ ಒಂದು ಕೆಲಸ ಬಂತು. ಅಂಗೈ ಗುರುತಿಗೆ ಗಾಜು ಹಾಕಬೇಕು, ಗಾಜಿಗೆ ತೇಗದ ಚೌಕಟ್ಟು ಬೇಕು. ಮನೆಯಲ್ಲೇ ಬಡಗಿ ಇರುವಾಗ ಹೊರಗಿನವರು ಯಾಕೆ ಎಂದು ಮೇಡಂ ಅವನನ್ನೇ ಕೇಳಿದರು. ಅಜ್ಜಿ ಬೇಡವೆಂಬಂತೆ ತಲೆಯಾಡಿಸಿದಳು. ಮಾತು ಬಿಟ್ಟಿದ್ದರಿಂದ ಯಾರೂ ಗಮನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಬಡಗಿ ಹಜಾರದ ಹಗ್ಗ ದಾಟಿ ಒಳಗೆ ಹೋದ. ಹಗ್ಗದ ಈಚೆ ಸೊಸೆಯೂ ಮೊಮ್ಮಗಳೂ ನಿಂತು ನೋಡುತ್ತಿದ್ದರು. ಮೇಡಂ ಮತ್ತು ಟೇಪಿನವರು ಪಕ್ಕದಲ್ಲಿ. ಅಜ್ಜಿ ಜಗಲಿಯ ಕಿಟಕಿಯ ಆಚೆ, ಸರಳು ಹಿಡಿದುಕೊಂಡು.

ಅವನು ಬಟ್ಟೆ ಬಿಚ್ಚಿ, ಅಳತೆಗೆಂದು ಮಂಡಿಯೂರಿದ. ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಗುರುತಿನ ಮೇಲೆ ಮೆತ್ತಗೆ ಕೈ ಇಟ್ಟು ಮಟ್ಟ ನೋಡಿದ. ಕೈ ಅಲ್ಲೇ ನಿಂತುಬಿಟ್ಟಿತು. ಕೈ ತೆಗೆದು ತನ್ನ ಅಂಗೈ ನೋಡಿಕೊಂಡ. ಗೋಡೆ ನೋಡಿದ. ಮತ್ತೆ ಅಂಗೈ.

“ಮೇಡಂ, ಈ ಕಿರುಬೆರಳು ಯಾಕೆ ಹೀಗೆ ಒಳಕ್ಕೆ ಬಾಗಿದೆ?”

“ಮಗು ಅಲ್ವಾ, ಕೈ ಜಾರಿರುತ್ತೆ.”

“ಜಾರಿದ್ರೆ ಗಾರೆ ಎಳೆದ ಹಾಗಿರ್ತಿತ್ತು. ಇದು ಒತ್ತಿದ್ದು.” ಅವನು ಬಲಗೈ ಎತ್ತಿ ಹಿಡಿದ. ಕೊಕ್ಕೆಯ ಬೆರಳು ಎಲ್ಲರಿಗೂ ಕಂಡಿತು. “ಹೀಗೆ.”

ಮೊಮ್ಮಗಳು ಹಗ್ಗದ ಕೆಳಗೆ ನುಸುಳಿ ಬಂದಳು. ಗುರುತು ನೋಡಿದಳು, ಅಪ್ಪನ ಬೆರಳು ಹಿಡಿದು ತಿರುಗಿಸಿ ನೋಡಿದಳು.

“ಅಪ್ಪ… ರಾಜಕುಮಾರ ನೀನೇನಾ?”

ಬಡಗಿ ಕಿಟಕಿಯ ಕಡೆ ತಿರುಗಿದ. “ಅಮ್ಮಾ. ಇದು ಯಾರ ಕೈ?”

“ರಾಜಕುಮಾರನಿಗೂ ಮೊಸಳೆ ಕಚ್ಚಿತ್ತು,” ಎಂದಳು ಅಜ್ಜಿ. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು.

“ಅಮ್ಮ.”

“ಅದೇ ಮೊಸಳೆ. ತುಂಬ ವಯಸ್ಸಾಗಿತ್ತು ಅದಕ್ಕೆ…”

“ಅಮ್ಮ, ಸಾಕು.”

ಅವನು ಕೂಗಲಿಲ್ಲ. ಕೂಗಿದ್ದರೆ ಅಜ್ಜಿಗೆ ಇನ್ನೊಂದು ಸುಳ್ಳು ಸಿಗುತ್ತಿತ್ತು. ಅವಳು ಸರಳು ಬಿಟ್ಟು, ಜಗಲಿ ಸುತ್ತಿಕೊಂಡು, ಹಗ್ಗ ಎತ್ತಿ ಒಳಗೆ ಬಂದಳು. ಗೋಡೆಯ ಎದುರು ನೆಲದ ಮೇಲೆ ಕೂತಳು.

“ನಿಂದೇ ಕಣೋ.”

“ನನ್ನದು ಹೇಗಾಗುತ್ತೆ? ಗೋಡೆ ಇನ್ನೂರು ವರ್ಷದ್ದು ಅಂತಾರೆ.”

“ಉಳಿದಿದ್ದೆಲ್ಲ ಇರಬಹುದು. ಈ ಗೋಡೆ ಅಲ್ಲ.”

ಟೇಪಿನವರ ಕೈಯಿಂದ ಟೇಪು ಸರ್ರನೆ ಒಳಕ್ಕೆ ಸುತ್ತಿಕೊಂಡಿತು.

“ನೀನು ಆಗ ಬೋರಲು ಬೀಳೋಕೆ ಕಲೀತಿದ್ದೆ. ಹೊಳೆ ಏರ್ತು. ಮಧ್ಯಾಹ್ನದ ಹೊತ್ತಿಗೆ ಈ ಗೋಡೆ ಪೂರ್ತಿ ಹೊಳೆಗೆ ಹೋಯ್ತು. ಯಜಮಾನ್ರ ಕಡೆಯಿಂದ ಜನ ಬಂದು, ಬೀಗ ಹಾಕಿ ಹೊರಡಿ, ಇದು ತಾನಾಗೇ ಬೀಳ್ಲಿ ಅಂದ್ರು. ನಾವೆಲ್ಲಿಗೆ ಹೋಗೋದು? ನಿಮ್ಮಪ್ಪ ಹೂಂ ಅಂದ್ರು, ಬೀಗ ಹಾಕಿದ್ರು, ಹಿಂದಿನ ಬಾಗಿಲಿಂದ ಒಳಗೆ ಬಂದ್ರು. ಕೆಸರಲ್ಲಿ ಬಿದ್ದ ಇಟ್ಟಿಗೆ ಹೆಕ್ಕಿ ಹೆಕ್ಕಿ ತೊಳೆದು ಕಟ್ಟಿದ್ರು. ಮಳೆಗಾಲ ಮತ್ತೆ ಬರೋವರೆಗೂ ಕಟ್ಟಿದ್ವಿ. ನಾನು ಆ ತೊಟ್ಟೀಲಿ ಸುಣ್ಣ ಅರಳಿಸ್ತಿದ್ದೆ.”

“ತೊಟ್ಟೀಲಾ?” ಮೇಡಂನ ದನಿ ಕೀರಲಾಯಿತು. “ರಾಣಿಯ ಹಾಲು…”

“ಹಾಲಲ್ಲ ಮೇಡಂ. ಸುಣ್ಣ. ಇವರಿಗೆ ಅವತ್ತೇ ಗೊತ್ತಾಯ್ತು, ಮೂಸಿ ನೋಡಿದ್ರು.”

ಟೇಪಿನವರು ಎಲ್ಲೋ ನೋಡಿದರು.

“ಗಾರೆ ಬಳಿಯೋವಾಗ ನೀನು ಅಂಬೆಗಾಲಿಟ್ಟು ಬಂದು, ಏಳೋಕೆ ಅಂತ ಹಸಿ ಗೋಡೆಗೆ ಕೈ ಊರ್ದೆ. ಸುಣ್ಣ ಸುಡುತ್ತೆ ಅಂತ ಎತ್ಕೊಂಡು ಓಡಿ ಕೈ ತೊಳೆಸ್ದೆ. ಬಂದು ನೋಡಿದ್ರೆ ಗುರುತು. ನಿಮ್ಮಪ್ಪ ಅಂದ್ರು, ಸವರ್ಬಿಡು, ಯಾರಾದ್ರೂ ನೋಡಿದ್ರೆ ಗೋಡೆ ನಾವು ಕಟ್ಟಿದ್ದು ಅಂತ ಗೊತ್ತಾಗುತ್ತೆ, ಓಡಿಸ್ತಾರೆ. ಗಾರೆ ಸವರೋ ಕರಣೆ ಎತ್ತಿದೆ. ಆಗಲಿಲ್ಲ. ಕಪಾಟು ಅಡ್ಡ ಇಟ್ವಿ.”

ಸೊಸೆ ಹಗ್ಗದಾಚೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಇಷ್ಟು ವರ್ಷ ಇದೇ ಗೋಡೆಯ ಬುಡದ ಕಸ ಗುಡಿಸಿದ್ದಳು ಅವಳು.

“ಅತ್ತೆ, ಊರಿಗೆಲ್ಲ ಏನೇನೋ ಹೇಳಿದ್ರಿ. ಇದನ್ನ ನಮಗೂ ಹೇಳ್ಲಿಲ್ವಲ್ಲ.”

“ಅದನ್ನ ಹೇಳೋಕೆ ಬಾಯೇ ಬರ್ತಿರಲಿಲ್ಲಮ್ಮ. ಅದಕ್ಕೇ ಬೇರೆದ್ದೆಲ್ಲ ಹೇಳ್ತಿದ್ದೆ.”

ಮೇಡಂ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. “ಗೋಡೆಗೆ ವಯಸ್ಸೆಷ್ಟು ಹಾಗಾದ್ರೆ?”

“ಇವನಿಗೆಷ್ಟೋ ಅಷ್ಟು. ಒಂದು ಕಡಿಮೆ.”

“ಒಂದನೇ ದರ್ಜೆ ಹೋಯ್ತು,” ಎಂದರು ಮೇಡಂ. “ನಾನೇ ಹೋಗಿ ಹೇಳ್ಬೇಕು. ನನ್ನ ಕೆಲಸ ಉಳಿದ್ರೆ ಮತ್ತೆ ಬರೀತೀನಿ: ಜನ ವಾಸ ಇರೋ ಹಳೇ ಮನೆ, ಗೋಡೆ ಕಟ್ಟಿದೋರು ಇನ್ನೂ ಒಳಗೇ ಇದಾರೆ, ಅವರೇ ನೋಡ್ಕೋತಾರೆ ಅಂತ. ಅಂಥ ಮನೆಗೂ ಒಂದು ದರ್ಜೆ ಇದೆ. ಒಪ್ತಾರೋ ಇಲ್ವೋ ಗೊತ್ತಿಲ್ಲ. ಆದ್ರೆ ಅಜ್ಜಿ, ಇನ್ನೊಂದೇ ಒಂದು ಸುಳ್ಳು ಹೊರಗೆ ಬಂದ್ರೂ ಎಲ್ಲ ಮುಗೀತು. ಈಗಲೇ ಹೇಳ್ಬಿಡಿ.”

ಅಜ್ಜಿ ಕಂಬದ ಕಡೆ ತಿರುಗಿದಳು. ಸುಳ್ಳು ಹೇಳುವಾಗ ಎಂದೂ ತಡವರಿಸದ ನಾಲಿಗೆ ಈಗ ಒಂದೊಂದೇ ಮೆಟ್ಟಿಲು ಇಳಿದಂತೆ ಇಳಿಯಿತು.

“ಇದು ದರ್ಬಾರಲ್ಲ. ಮರದ ತುಂಡು ತೋರಿಸ್ತಿದ್ದ ಜಾಗ. ಕಂಬ ಸವೆದಿದ್ದು ಹಮಾಲರು ಒರಗಿ. ರಾಣಿ ಇಲ್ಲ. ಸೈನ್ಯ ಇಲ್ಲ.”

“ಆನೆ?” ಎಂದರು ಟೇಪಿನವರು.

“ಅದೂ ಇಲ್ಲ. ಕಿಟಕಿ ಸಾವಿರ ಅಲ್ಲ, ಹದಿನೇಳು. ಒರೆಸೋಳು ನಾನೇ.”

ಬಡಗಿ ಎದ್ದು ಹೋಗಿ ಅಡುಗೆಮನೆಯ ಹಗ್ಗದ ಗಂಟಿನ ಮೇಲೆ ಕೈ ಇಟ್ಟು ಮೇಡಂ ಕಡೆ ನೋಡಿದ. ಮೇಡಂ ಆಗಲಿ ಎಂಬಂತೆ ತಲೆಯಾಡಿಸಿದರು. ಗಂಟು ಬಿಗಿಯಾಗಿತ್ತು, ಕೊಕ್ಕೆ ಬೆರಳನ್ನೇ ತೂರಿಸಿ ಬಿಚ್ಚಿದ.

ಮೊಮ್ಮಗಳು ಅಜ್ಜಿಯ ಪಕ್ಕ ನೆಲಕ್ಕೆ ಕೂತು ಭುಜಕ್ಕೆ ಭುಜ ತಾಗಿಸಿದಳು. “ಇನ್ನೊಂದು ಉಳೀತಲ್ಲ ಅಜ್ಜಿ.”

“ಯಾವುದೇ?”

“ಹೊಳೆ. ನೀನು ಗದರಿದ್ದಕ್ಕೆ ಹಿಂದಕ್ಕೆ ಹರೀತು ಅಂತೀಯಲ್ಲ.”

ಅಜ್ಜಿ ಗೋಡೆಯಲ್ಲಿದ್ದ ಪುಟ್ಟ ಕೈಯ ಮೇಲೆ ಬೆರಳಾಡಿಸಿದಳು.

“ಗದರಲಿಲ್ಲ ಕಣೇ. ಇವನನ್ನ ತಲೆ ಮೇಲೆ ಹೊತ್ಕೊಂಡು ಮೆಟ್ಟಿಲ ಮೇಲೆ ನಿಂತು ಅಳ್ತಾ ಇದ್ದೆ. ನೀರು ತಾನಾಗೇ ಇಳೀತು.”